ಪಾಷಣ್ಣನ ಸಮ ಸುತ್ತು

ಮದ್ದೂರಿನ ಹಳೆಯ ಹೆದ್ದಾರಿಯ ಮಗ್ಗುಲಲ್ಲಿ, ಟೈರಿನ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ, ಅಫ್ಸರ್ ಪಾಷಾ ಅವರ ಮೋಟರ್ ವೈಂಡಿಂಗ್ ಅಂಗಡಿ ಇದೆ. ಬೋರ್ಡಿನ ಅಕ್ಷರ ಮಾಸಿ ಎಷ್ಟೋ ವರ್ಷಗಳಾದವು. ಅದನ್ನು ಮತ್ತೆ ಬರೆಸುವ ಗೋಜಿಗೆ ಅವರು ಹೋಗಲಿಲ್ಲ. ಬೋರ್ಡು ಓದಿಕೊಂಡು ಆ ಅಂಗಡಿಗೆ ಬಂದವರು ಇದುವರೆಗೆ ಒಬ್ಬರೂ ಇಲ್ಲ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಪಾಷಣ್ಣನ ಮುಂದೆ ಇಳಿಸುವುದು ಮೂವತ್ತಾರು ವರ್ಷಗಳಿಂದ ನಡೆದುಬಂದ ವಾಡಿಕೆ. ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ಹಳೆಯ ರಸ್ತೆಯ ಹೋಟೆಲಿನವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ಪಾಷಣ್ಣನಿಗೆ ಅದರ ಬಿಸಿ ತಟ್ಟಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಓಡುವ ಕಾರಿನವರು ಯಾವತ್ತೂ ಅವರ ಗಿರಾಕಿಗಳಾಗಿರಲಿಲ್ಲ.

ವೈಂಡಿಂಗ್ ಎಂದರೆ ನೋಡುವವರ ಕಣ್ಣಿಗೆ ತಂತಿ ಸುತ್ತುವುದು, ಅಷ್ಟೆ. ಸುಟ್ಟ ಮೋಟರಿನ ಹೊಟ್ಟೆಯೊಳಗಿನ ಕರಿಹತ್ತಿದ ತಾಮ್ರವನ್ನು ಕಿತ್ತು ತೆಗೆದು, ಹೊಸ ತಂತಿಯನ್ನು ಅದೇ ಲೆಕ್ಕದಲ್ಲಿ ಸುತ್ತಿ ಕೂರಿಸಬೇಕು. ಒಂದು ಕಡೆ ಎರಡು ಸುತ್ತು ಹೆಚ್ಚು, ಇನ್ನೊಂದು ಕಡೆ ಎರಡು ಕಡಿಮೆಯಾದರೆ ಮೋಟರು ಗುಂಯ್ ಎಂದು ನರಳುತ್ತದೆ, ಕಾಯುತ್ತದೆ, ಆರು ತಿಂಗಳು ಕಳೆಯುವುದರೊಳಗೆ ಮತ್ತೆ ಸುಟ್ಟು ಕೂರುತ್ತದೆ. ಪಾಷಣ್ಣನದು ಸಮ ಸುತ್ತು. ಪಕ್ಕದವನ ಜೊತೆ ಹರಟೆ ಹೊಡೆಯುತ್ತಾ ಸುತ್ತಿದರೂ ಬೆರಳು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಕೆಲಸ ಮುಗಿದ ಮೇಲೆ ಬಿಳಿ ನೂಲಿನ ಎರಡು ಎಳೆ ಎಳೆದು, ಎಡಕ್ಕೆ ಸಿಕ್ಕಿಸಿ, ಒಂದು ಗಂಟು ಹಾಕುತ್ತಾರೆ. ಮಂಡ್ಯದ ಸೀಮೆಯಲ್ಲಿ ತಂತಿ ಹಿಡಿದವರಿಗೆಲ್ಲ ಆ ಗಂಟಿನ ಗುರುತು ಗೊತ್ತು. ಆಮೇಲೆ ಪರೀಕ್ಷೆ. ಮೋಟರಿನ ಮೈಮೇಲೆ ಹತ್ತು ಹನ್ನೆರಡು ಕಡೆ ಮೇಣದಬತ್ತಿಯ ಚೂರು ಅಂಟಿಸಿ, ಒಂದು ಗಂಟೆ ಓಡಿಸಿ, ಯಾವುದು ಮೊದಲು ಕರಗಿತು ಎಂದು ನೋಡುತ್ತಾರೆ. ಮೊದಲು ಕರಗಿದ ಕಡೆ ಒಳಗೆ ಏನೋ ಎಡವಟ್ಟಿದೆ ಎಂದು ಅರ್ಥ. ಇದನ್ನು ಅವರಿಗೆ ಯಾವ ಉಸ್ತಾದನೂ ಹೇಳಿಕೊಟ್ಟದ್ದಲ್ಲ, ಬೈಸಿಕೊಂಡು ಬೈಸಿಕೊಂಡು ತಾವೇ ಕಂಡುಕೊಂಡದ್ದು.

ಬೈಯುವವರಿಗೇನು ಬರವಿರಲಿಲ್ಲ. ಕಬ್ಬು ಬೆಳೆಯುವ ಜನ ನಮ್ಮವರು, ಮಾತಿಗೆ ಮಾತ್ರ ಸಕ್ಕರೆ ಬೆರೆಸುವುದಿಲ್ಲ. ಮೋಟರು ಕೈಕೊಟ್ಟರೆ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಜಾಡಿಸುತ್ತಿದ್ದರು. ಅದರಲ್ಲಿ ಬೆಳಕವಾಡಿಯ ಚಿಕ್ಕಣ್ಣನದು ಒಂದು ಕೈ ಮೇಲು. ಪಾಷಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಮೋಟರು ಬಿಚ್ಚಿ, ತಪ್ಪು ತಮ್ಮದಾದರೆ ನನ್ನದೇ ಎಂದು ಒಪ್ಪಿಕೊಂಡು ಸರಿ ಮಾಡಿಕೊಡುತ್ತಿದ್ದರು. ಬೈದವನಿಗೂ ಬೈಸಿಕೊಂಡವನಿಗೂ ಅವರ ಹೆಂಡತಿ ಜೈನಾಬ್ ಬೀ ಒಂದೇ ಪಾತ್ರೆಯಿಂದ ಚಹಾ ಸುರಿದು ಕೊಡುತ್ತಿದ್ದರು.

ಆ ಚಿಕ್ಕಣ್ಣನ ಮಗಳೇ ಕುಸುಮ. ಈಗ ಮೂವತ್ತೆಂಟರ ಹೆಂಗಸು, ಮಳವಳ್ಳಿಯ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಹನ್ನೆರಡು ವರ್ಷದವಳಿದ್ದಾಗ ಅಪ್ಪನ ಜೊತೆ ಸುಟ್ಟ ಮೋಟರಿನ ಹಿಂದೆ ಮದ್ದೂರಿಗೆ ಬಂದು, ಇಡೀ ಮಧ್ಯಾಹ್ನ ಆ ಅಂಗಡಿಯಲ್ಲಿ ಬೇಸರದಿಂದ ಕಾಲು ಅಲ್ಲಾಡಿಸುತ್ತಾ ಕೂತಿದ್ದಳು. ಪಾಷಣ್ಣ ಅವಳ ಕೈಗೆ ಮೀಟರು ಕೊಟ್ಟು, ಎರಡು ತುದಿಯನ್ನೂ ತಂತಿಗೆ ಮುಟ್ಟಿಸಿ ಮುಳ್ಳು ಅಲ್ಲಾಡುತ್ತದೋ ಇಲ್ಲವೋ ನೋಡು ಎಂದಿದ್ದರು. ಮುಳ್ಳು ಅಲ್ಲಾಡಿದರೆ ಕರೆಂಟಿಗೆ ದಾರಿ ಇದೆ, ಅಲ್ಲಾಡದಿದ್ದರೆ ಎಲ್ಲೋ ತುಂಡಾಗಿದೆ. ಕಣ್ಣಿಗೆ ಕಾಣದ್ದನ್ನು ಮುಳ್ಳು ನೋಡಿ ತಿಳಿಯಬಹುದು ಎನ್ನುವುದು ಅವಳಿಗೆ ಅಂದು ಹೊಳೆದದ್ದು ಇವತ್ತಿಗೂ ಬಿಟ್ಟಿಲ್ಲ. ಮುಂದೆ ಎಷ್ಟೋ ಮೇಷ್ಟರುಗಳು ಅವಳಿಗೆ ಪಾಠ ಹೇಳಿದರು, ಆದರೆ ತನಗೆ ವಿಜ್ಞಾನ ಹತ್ತಿಸಿದವರು ಯಾರು ಎಂದು ಕೇಳಿದರೆ ಅವಳು ಹೇಳುವುದು ಈ ಅಂಗಡಿಯ ಹೆಸರನ್ನೇ. ಪಾಷಣ್ಣ ಅಂದಿನಿಂದಲೇ ಅವಳನ್ನು ಟೀಚರಮ್ಮ ಎಂದು ಕರೆಯತೊಡಗಿದ್ದರು. ಅವಳು ನಿಜಕ್ಕೂ ಟೀಚರಾದಾಗ ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

ಕುಸುಮ ಪಾಠದ ಜೊತೆಗೆ ಪಿಎಚ್.ಡಿ. ಕೆಲಸವನ್ನೂ ಕೊರಳಿಗೆ ಕಟ್ಟಿಕೊಂಡಿದ್ದಳು. ಹರಳು ಬೆಳೆಸುವುದು ಅವಳ ವಿಷಯ. ಬೆಂಜಿಲ್ ಎಂಬ ಹಳದಿ ಪುಡಿಯನ್ನು ಕರಗಿಸಿ, ಚೂಪು ತಳದ ಗಾಜಿನ ಸೀಸೆಯಲ್ಲಿ ಮುಚ್ಚಿ, ಬಿಸಿಯಾದ ಕೊಳವೆಯೊಳಗೆ ಮೇಲಿನಿಂದ ಕೆಳಕ್ಕೆ ಗಂಟೆಗೆ ಒಂದು ಮಿಲಿಮೀಟರಿನಂತೆ ಇಳಿಸಬೇಕು. ಕೆಳಗಿನ ಚೂಪು ತುದಿ ಮೊದಲು ತಣ್ಣಗಾಗಿ ಅಲ್ಲೊಂದು ಪುಟ್ಟ ಹರಳು ಹುಟ್ಟಬೇಕು, ಅದೇ ಮೇಲಕ್ಕೆ ಬೆಳೆಯುತ್ತಾ ಸೀಸೆಯೆಲ್ಲ ಒಂದೇ ಹರಳಾಗಬೇಕು. ಹೆಬ್ಬೆಟ್ಟಿನ ಗಾತ್ರದ ಒಂದೇ ಒಂದು ತಿಳಿಯಾದ ಹರಳು ಸಿಕ್ಕಿದ್ದರೆ ಅದನ್ನು ಕೊಯ್ದು ಅಳೆಯಬೇಕಾದ್ದನ್ನೆಲ್ಲ ಅಳೆದು ಪ್ರಬಂಧ ಮುಗಿಸಬಹುದಿತ್ತು. ವಿಶ್ವವಿದ್ಯಾಲಯ ಎರಡು ಸಲ ಗಡುವು ಮುಂದೂಡಿತ್ತು, ಮೂರನೆಯ ಸಲ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿತ್ತು. ಡಿಸೆಂಬರ್ ಮುಗಿಯುವುದರೊಳಗೆ ಕೊಡದಿದ್ದರೆ ಏಳು ವರ್ಷದ ದುಡಿಮೆ ನೀರಲ್ಲಿ ಹೋಮ ಮಾಡಿದ ಹಾಗೆ.

ಬಿಸಿ ಕೊಳವೆ, ಅಂದರೆ ಕುಲುಮೆ, ಕಾಲೇಜಿನಲ್ಲಿ ಇರಲಿಲ್ಲ. ಜನವರಿಯಲ್ಲಿ ಅವಳು ಮದ್ದೂರಿಗೆ ಹೋಗಿ ಪಾಷಣ್ಣನ ಮುಂದೆ ಒಂದು ಚಿತ್ರ ಬಿಡಿಸಿಟ್ಟಳು. ಅವರು ಹದಿನೈದು ದಿನ ಬೇರೆ ಕೆಲಸ ಬದಿಗಿಟ್ಟರು. ಮೊಳದುದ್ದದ ಗಾಜಿನ ಕೊಳವೆಗೆ, ಕರೆಂಟು ಹರಿದರೆ ಬಿಸಿಯಾಗುವ ನೈಕ್ರೋಮ್ ತಂತಿಯನ್ನು ಬುಡದಿಂದ ತುದಿಯವರೆಗೆ ಸುತ್ತಿದರು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಅಳತೆಪಟ್ಟಿ ಇಟ್ಟು ನೋಡಿದರೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅದರ ಹೊರಗೆ ಇನ್ನೊಂದು ಗಾಜು, ಸೀಸೆ ಇಳಿಸಲು ಹಳೆಯ ಗೋಡೆ ಗಡಿಯಾರದ ಯಂತ್ರ, ಕರೆಂಟು ಹೋದರೆ ಹಿಡಿದುಕೊಳ್ಳಲು ಬ್ಯಾಟರಿ. ಕೊನೆಗೆ ಬಿಳಿ ನೂಲಿನ ಗಂಟು. ಕೂಲಿಯ ಮಾತು ಎತ್ತಲು ಬಿಡಲಿಲ್ಲ. ಇದು ಆಟೋದಲ್ಲಿ ಅಲುಗಾಡಬಾರದು ಎಂದು ಮಳವಳ್ಳಿಯವರೆಗೆ ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ತಾವೇ ಬಂದಿದ್ದರು. ಕುಲುಮೆಗೆ ಕರೆಂಟು ಕೊಟ್ಟು, ಕೊಳವೆ ಮೆಲ್ಲಗೆ ಬಿಸಿಯೇರಿದಾಗ ಕುಸುಮಳ ಕಣ್ಣು ತುಂಬಿ ಬಂದಿತ್ತು.

ಮೊದಲ ಹರಳು ಒಡೆದಿತ್ತು. ಎರಡನೆಯದೂ ಒಡೆದಿತ್ತು. ಸೀಸೆ ಬಿಡಿಸಿ ನೋಡಿದರೆ ಒಳಗೆ ಕಲ್ಲುಸಕ್ಕರೆ ಜಜ್ಜಿದ ಹಾಗೆ ನೂರೆಂಟು ಚೂರು, ಅದರಲ್ಲೂ ಸರಿಯಾಗಿ ಮಧ್ಯದಲ್ಲಿ ಅಡ್ಡಡ್ಡ ಬಿರುಕು. ಪುಡಿ ಶುದ್ಧವಿಲ್ಲವೇನೋ ಎಂದು ಪುಡಿ ಶುದ್ಧ ಮಾಡಿದಳು. ಬೇಗ ಇಳಿಸಿದೆನೇನೋ ಎಂದು ನಿಧಾನ ಮಾಡಿದಳು. ಜುಲೈ ಬರುವುದರೊಳಗೆ ಹನ್ನೊಂದು ಸೀಸೆ ಹಾಳಾಗಿದ್ದವು. ಈ ನಡುವೆ ಪಾಷಣ್ಣ ಫೋನು ಮಾಡಿ ಹರಳು ಹೇಗೆ ಬರುತ್ತಿದೆ ಎಂದು ಕೇಳಿದಾಗಲೆಲ್ಲ, ಚೆನ್ನಾಗಿ ಬರುತ್ತಿದೆ ಎಂದೇ ಹೇಳುತ್ತಿದ್ದಳು. ಪ್ರಿನ್ಸಿಪಾಲರ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹೆಂಗಸು, ಚಿಕ್ಕಣ್ಣನ ರಕ್ತ, ಈ ಒಬ್ಬ ಮನುಷ್ಯನ ಮುಂದೆ ಮಾತ್ರ ಬೆಣ್ಣೆಯಾಗಿ ಬಿಡುತ್ತಿದ್ದಳು. ಇದೇ ಅವಳು ಮಾಡಿದ ತಪ್ಪು.

ಜುಲೈ ಕೊನೆಯಲ್ಲಿ ಅವಳ ಗೈಡು ಬುದ್ಧಿ ಹೇಳಿದರು. ಹರಳು ಯಾಕೆ ಒಡೆಯಿತು ಎಂದು ಒಡೆದ ಹರಳನ್ನು ಕೇಳಿ ಫಲವಿಲ್ಲ, ಬಿಸಿ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಮೊದಲು ನೋಡು ಎಂದರು. ಅವಳು ಒಂದು ಚಿಟಿಕೆ ಪುಡಿಯನ್ನು ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಿದಳು. ಅಲ್ಲಿ ಅದನ್ನು ನಿಧಾನವಾಗಿ ಕಾಯಿಸಿ, ನಿಧಾನವಾಗಿ ತಣಿಸಿ, ಯಾವ ಬಿಸಿಯಲ್ಲಿ ಅದು ಶಾಖ ನುಂಗುತ್ತದೆ, ಯಾವುದರಲ್ಲಿ ಕಕ್ಕುತ್ತದೆ ಎಂದು ಗೆರೆ ಎಳೆದು ಕೊಟ್ಟರು. ಆ ಗೆರೆಯಲ್ಲಿ ವಿಷಯ ಸ್ಪಷ್ಟವಾಗಿತ್ತು. ಪುಡಿ ತೊಂಬತ್ತೈದು ಡಿಗ್ರಿಗೆ ಕರಗುತ್ತದೆ. ಆದರೆ ತಣಿಯುವಾಗ ತೊಂಬತ್ತೈದಕ್ಕೆ ಗಟ್ಟಿಯಾಗುವುದಿಲ್ಲ. ಎಂಬತ್ತರವರೆಗೂ ಮೊಂಡು ಹಿಡಿದು ನೀರಾಗಿಯೇ ಇದ್ದು, ಅಲ್ಲಿ ಒಮ್ಮೆಗೇ ಹೆಪ್ಪುಗಟ್ಟುತ್ತದೆ.

ಆಮೇಲೆ ಅವಳು ಕುಲುಮೆಯನ್ನೇ ಅಳೆದಳು. ಬಿಸಿ ಅಳೆಯುವ ತೆಳ್ಳನೆಯ ತಂತಿಯನ್ನು ಖಾಲಿ ಕೊಳವೆಯೊಳಗೆ ಒಂದೊಂದೇ ಸೆಂಟಿಮೀಟರು ಇಳಿಸುತ್ತಾ, ಪ್ರತಿ ಕಡೆಯೂ ಹತ್ತು ನಿಮಿಷ ಕಾದು ಬರೆದುಕೊಂಡಳು. ಒಂದು ದಿನ ಪೂರ್ತಿ ಹಿಡಿಯಿತು. ಸಂಜೆ ಗ್ರಾಫು ಎಳೆದರೆ ಹೊಟ್ಟೆ ಬಂದ ಗೆರೆ. ನಡುವೆ ನೂರ ಹನ್ನೆರಡು, ಕೆಳಗೆ ಎಪ್ಪತ್ತಾರು, ಮೇಲೆ ಎಪ್ಪತ್ತೆಂಟು. ಮೇಲಿನ ತುದಿ ಎಂಬತ್ತಕ್ಕಿಂತ ಕೆಳಗೆ. ಅಂದರೆ ಸೀಸೆಯಲ್ಲಿ ಹರಳು ಕೆಳಗಿನಿಂದ ಹುಟ್ಟುವ ಜೊತೆಗೇ ಮೇಲಿನಿಂದಲೂ ಹುಟ್ಟುತ್ತಿತ್ತು. ಎರಡು ಕಡೆಯಿಂದ ಬೆಳೆದು ಬಂದು ಮಧ್ಯದಲ್ಲಿ ಡಿಕ್ಕಿ ಹೊಡೆದು ಒಡೆಯುತ್ತಿತ್ತು.

ಯಾಕೆ ಹೀಗೆ ಎನ್ನುವುದಕ್ಕೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಕೊಳವೆಯ ಎರಡು ಬಾಯಿಗಳಿಂದ ಬಿಸಿ ಸೋರಿಹೋಗುತ್ತದೆ, ನಡುವೆ ಮಾತ್ರ ಉಳಿಯುತ್ತದೆ. ಸೋರುವ ಕಡೆ ಸುತ್ತು ಹೆಚ್ಚಿರಬೇಕಿತ್ತು. ಪಾಷಣ್ಣನ ಸುತ್ತು ಎಲ್ಲ ಕಡೆಯೂ ಸಮ. ಮೋಟರಿಗೆ ಪ್ರಾಣ ಕೊಡುವ ಅದೇ ಸಮ ಸುತ್ತು ಇಲ್ಲಿ ಹರಳಿನ ಪ್ರಾಣ ತೆಗೆಯುತ್ತಿತ್ತು. ಚಿತ್ರ ಬಿಡಿಸಿಕೊಟ್ಟವಳು ತಾನೇ, ಸುತ್ತು ಎಲ್ಲಿ ಒತ್ತಾಗಿರಬೇಕು ಎಂದು ಹೇಳದವಳೂ ತಾನೇ. ಆದರೆ ಅವರ ಕೈಯ ಅತಿ ದೊಡ್ಡ ಹೆಮ್ಮೆಯೇ ತಪ್ಪು ಎಂದು ಅವರ ಮುಂದೆ ಹೇಳುವುದು ಹೇಗೆ? ತಿಂಗಳಾನುಗಟ್ಟಲೆ ಚೆನ್ನಾಗಿದೆ ಎಂದು ಹೇಳಿ ಈಗ ಹೇಳುವುದು ಹೇಗೆ? ಅಷ್ಟು ಉಪಕಾರ ಮಾಡಿದವರ ಮನಸ್ಸು ನೋಯಿಸಬಾರದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಇದಕ್ಕೆ ದೊಡ್ಡ ಮನಸ್ಸು ಎಂದು ಹೆಸರಿಟ್ಟುಕೊಂಡಳು. ನಾನಾದರೆ ಪುಕ್ಕಲುತನ ಎನ್ನುತ್ತೇನೆ.

ಆಗಸ್ಟಿನ ಒಂದು ಶನಿವಾರ ಕುಸುಮ ತಂತಿ ಸುತ್ತಿದ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ, ಮದ್ದೂರಿನ ದಾರಿ ಬಿಟ್ಟು ಮಂಡ್ಯದ ಬಸ್ಸು ಹತ್ತಿದಳು. ಗುತ್ತಲು ರಸ್ತೆಯಲ್ಲಿ ಜಯಪ್ರಕಾಶ್ ಎಂಬುವವರ ವೈಂಡಿಂಗ್ ಅಂಗಡಿ ಇದೆ, ಒಳ್ಳೆಯ ಕೆಲಸಗಾರ ಎಂದು ಯಾರೋ ಹೇಳಿದ್ದರು. ಅವಳು ಮೇಜಿನ ಮೇಲೆ ಕೊಳವೆ ಇಟ್ಟು, ಈ ತಂತಿ ಬಿಚ್ಚಿ, ಈ ಲೆಕ್ಕದಂತೆ ಬೇರೆ ಸುತ್ತಬೇಕು ಎಂದು ಚೀಟಿ ಕೊಟ್ಟಳು. ಜಯಪ್ರಕಾಶ್ ಚೀಟಿ ನೋಡಲಿಲ್ಲ. ಕೊಳವೆಯ ತುದಿಯಲ್ಲಿದ್ದ ಬಿಳಿ ನೂಲಿನ ಗಂಟನ್ನು ಬೆರಳಿನಿಂದ ಸವರಿ ನೋಡಿ, ಎದ್ದು ನಿಂತರು.

"ಇದು ಉಸ್ತಾದ್ರ ಕೈ ಅಲ್ವಾ ಮೇಡಮ್?" ಎಂದರು.

ಅವಳು ಹೌದೆಂದಳು. ಜಯಪ್ರಕಾಶ್ ಪಾಷಣ್ಣನ ಹತ್ತಿರ ನಾಲ್ಕು ವರ್ಷ ಕೆಲಸ ಕಲಿತವರಂತೆ. ಅವಳಿಗೆ ಅದು ಗೊತ್ತಿರಲಿಲ್ಲ.

"ಸುಟ್ಟೋಗಿದ್ರೆ ಬಿಚ್ತಿದ್ದೆ. ಚೆನ್ನಾಗಿರೋ ಸುತ್ತನ್ನ, ಅವ್ರು ಬದುಕಿರುವಾಗ ಅವ್ರನ್ನ ಕೇಳ್ದೆ ಬಿಚ್ಚಾಕೆ ಆಗಲ್ಲ. ನಮ್ಮಲ್ಲಿ ಯಾರೂ ಬಿಚ್ಚಲ್ಲ."

ಅವಳು ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. ಬೇರೆ ಅಂಗಡಿಗೆ ಹೋದರೂ ಇದೇ ಮಾತು ಬರುತ್ತದೆ ಎಂದರು. ಇದು ಕಸುಬಿನವರ ನಡುವೆ ಯಾರೂ ಬರೆದಿಡದ ಕಟ್ಟುಪಾಡು. ಅವಳು ತಡೆಯುವುದರೊಳಗೆ ಫೋನು ಹಚ್ಚಿ, ಉಸ್ತಾದ್, ನಿಮ್ಮ ಗಾಜಿನ ಕೊಳವೆ ನನ್ನ ಮೇಜಿನ ಮೇಲೆ ಬಂದು ಕೂತಿದೆ, ಹರಳು ಒಡೆಯುತ್ತಿದೆಯಂತೆ, ಬಿಚ್ಚಲಾ ಬೇಡವಾ ಎಂದು ಕೇಳಿಯೇಬಿಟ್ಟರು. ಆ ಕಡೆಯಿಂದ ಬಂದ ಉತ್ತರ ಬಹಳ ಚಿಕ್ಕದು. ಫೋನು ಇಟ್ಟು ಜಯಪ್ರಕಾಶ್, ನಿಮ್ಮನ್ನೇ ಬರಹೇಳಿದರು ಎಂದಷ್ಟೇ ಹೇಳಿದರು.

ಮಂಡ್ಯದಿಂದ ಮದ್ದೂರಿಗೆ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆ ಕುಸುಮಳಿಗೆ ಮುಗಿಯಲೇ ಇಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಮಡಿಲಲ್ಲಿದ್ದ ಕೊಳವೆಯನ್ನು ಅವಚಿ ಹಿಡಿದು ಕೂತಿದ್ದಳು. ಅಂಗಡಿಗೆ ಹೋದರೆ ಪಾಷಣ್ಣ ಯಾವುದೋ ಮೋಟರಿಗೆ ವಾರ್ನಿಷ್ ಹಚ್ಚುತ್ತಿದ್ದರು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಜೈನಾಬ್ ಬೀ ಚಹಾ ತಂದಿಟ್ಟು, ಗಂಡನ ಮುಖ ನೋಡಿ, ಒಳಗೆ ಹೋಗದೆ ಬಾಗಿಲಲ್ಲೇ ನಿಂತರು. ಪಾಷಣ್ಣ ಕೊನೆಯ ಮೂಲೆಗೂ ವಾರ್ನಿಷ್ ಎಳೆದರು.

"ಎಷ್ಟು ಅರಳು ಒಡ್ದೋದ್ವು?" ಎಂದು ಕೊನೆಗೆ ಕೇಳಿದರು.

"ಅನ್ನೊಂದು, ಪಾಷಣ್ಣ."

"ಜನ್ವರಿಯಿಂದ?"

ಅವಳು ತಲೆಯಾಡಿಸಿದಳು. ನಿಮ್ಮ ಮನಸ್ಸಿಗೆ ನೋವಾಗುತ್ತದೆ ಅಂತ ಹೇಳಲಿಲ್ಲ, ನಿಮ್ಮ ಉಪಕಾರ ನಾನು ಮರೆಯುವವಳಲ್ಲ ಅಂತ ಏನೇನೋ ತೊದಲಿದಳು. ಪಾಷಣ್ಣ ಬ್ರಷ್ಷನ್ನು ಡಬ್ಬಿಗೆ ಹಾಕಿ ಕೈ ಒರೆಸಿಕೊಂಡರು. ಅವರ ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾದದ್ದು.

"ನಿಮ್ಮಪ್ಪ ಇಲ್ಲೇ ನಿಂತ್ಕಂಡು ನನ್ ಬೈತಿದ್ದ. ಅವ್ನು ಬೈದಿದ್ಕೇ ನಾನು ಮೋಟರ್ ಬಿಚ್ಚಿ ನೋಡ್ತಿದ್ದೆ, ತಪ್ಪು ಎಲ್ಲದೆ ಅಂತ. ಅಂಗೇ ಕಣವ್ವ ನಾನು ಕೆಲ್ಸ ಕಲ್ತಿದ್ದು. ನಂಗೆ ಇಸ್ಕೂಲ್ ಇದ್ದಿಲ್ಲ, ಇದೇ ಇಸ್ಕೂಲು. ನೀನು ಏಳು ತಿಂಗ್ಳು ಚೆಂದಾಗದೆ ಚೆಂದಾಗದೆ ಅಂದೆ. ಏಳು ತಿಂಗ್ಳು ನನ್ ಕಲಿಯಾಕೆ ಬುಡ್ಲಿಲ್ಲ."

ಕುಸುಮ ಅಲ್ಲೇ ಕೂತು ಅತ್ತಳು. ಜೈನಾಬ್ ಬೀ ಅವಳ ಬೆನ್ನ ಮೇಲೆ ಕೈಯಿಟ್ಟು, ಅಳೋದು ಆಮೇಲೆ, ತಪ್ಪು ಎಲ್ಲಿದೆ ತೋರಿಸು ಅಂತ ಗದರಿಸಿದರು. ಅವಳು ಕಣ್ಣೊರೆಸಿಕೊಂಡು ಗ್ರಾಫಿನ ಹಾಳೆ ಬಿಡಿಸಿದಳು. ಇಂಗ್ಲಿಷಿನ ಅಕ್ಷರ ಪಾಷಣ್ಣನಿಗೆ ಬಾರದು, ಆದರೆ ಗೆರೆ ಏನು ಎಂದು ವಿವರಿಸುವ ಮೊದಲೇ ಅವರಿಗೆ ಅರ್ಥವಾಯಿತು. ಇದು ಮೇಣದ ಚೂರು ಇಟ್ಟು ನೋಡಿದ ಹಾಗೆಯೇ, ಒಂದು ಮೊಳದ ಉದ್ದಕ್ಕೆ ನಲವತ್ತೈದು ಚೂರು ಇಟ್ಟಿದ್ದೀಯ, ಅಷ್ಟೇ ಎಂದರು. ಕೊಳವೆಯ ಮೇಲಿನ ಬಾಯಿಗೆ ಬೆರಳಿಟ್ಟು, ಇಲ್ಲಿ ಬಿಸಿ ಓಡಿಹೋಗುತ್ತಿದೆ ಎಂದರು. ಮೋಟರಿನಲ್ಲೂ ಫ್ಯಾನಿನ ಕಡೆಯ ತುದಿ ತಣ್ಣಗಿರುತ್ತದೆ ಎನ್ನುವುದು ಅವರಿಗೆ ಮೂವತ್ತು ವರ್ಷದಿಂದ ಗೊತ್ತಿದ್ದ ವಿಷಯ. ಗೊತ್ತಿದ್ದೂ ಇಲ್ಲಿ ಹೊಳೆಯಲಿಲ್ಲವಲ್ಲ ಎಂದು ತಮ್ಮ ಹಣೆ ತಾವೇ ಚಚ್ಚಿಕೊಂಡರು. ಅವರ ಮುಖದಲ್ಲಿ ಸಿಟ್ಟಿನ ಬದಲು ಕೆಲಸದ ಹುರುಪು ಬಂದದ್ದನ್ನು ಕಂಡು ಕುಸುಮಳಿಗೆ ಉಸಿರು ಬಂದಂತಾಯಿತು.

ಕುಸುಮಳ ಲೆಕ್ಕ ಹೀಗಿತ್ತು. ಮೇಲಿನ ಒಂದು ಗೇಣು ಸುತ್ತು ಒತ್ತೊತ್ತಾಗಿರಬೇಕು, ಅಲ್ಲೆಲ್ಲ ನೂರ ಹತ್ತು ಡಿಗ್ರಿ ನಿಲ್ಲಬೇಕು. ಅದರ ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ, ಅಲ್ಲಿ ಬಿಸಿ ಥಟ್ಟನೆ ಎಂಬತ್ತಕ್ಕಿಂತ ಕೆಳಗೆ ಇಳಿಯಬೇಕು, ಹರಳು ಹುಟ್ಟುವುದು ಅಲ್ಲೇ. ಅದಕ್ಕೂ ಕೆಳಗೆ ಅಗಲ ಅಗಲವಾಗಿ ಹನ್ನೊಂದು ಸುತ್ತು, ಹುಟ್ಟಿದ ಹರಳು ಒಮ್ಮೆಗೇ ತಣ್ಣಗಾಗಿ ಸೀಳದೆ ಮೆಲ್ಲಗೆ ಆರಲಿ ಎಂದು. ಪಾಷಣ್ಣ ತಮ್ಮ ಗಂಟನ್ನು ತಾವೇ ಬಿಚ್ಚಿದರು. ಆದರೆ ಸುತ್ತಲು ಕೂತರೆ ಕೈ ಕೇಳಲಿಲ್ಲ. ಮೂವತ್ತಾರು ವರ್ಷ ಸಮವಾಗಿ ಓಡಿದ ಬೆರಳು, ಒತ್ತಾಗಿ ಹಾಕು ಎಂದರೆ ನಾಲ್ಕು ಸುತ್ತು ಒತ್ತಾಗಿ ಹಾಕಿ, ಐದನೆಯದರಿಂದ ತನ್ನ ಹಳೆಯ ಅಂತರಕ್ಕೆ ತಾನೇ ಹೋಗಿಬಿಡುತ್ತಿತ್ತು. ಅವರಿಗೇ ನಗು ಬಂತು. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ, ನೀನೇ ಹೇಳು ಎಂದರು. ಕೊನೆಗೆ ಕುಸುಮ ಗಾಜಿನ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದೇ ಗುರುತನ್ನು ಕೂಗುತ್ತಾ ಹೋದಳು, ಅವರು ಅದಕ್ಕೆ ತಂತಿ ಕೂರಿಸುತ್ತಾ ಹೋದರು.

ಒಂದೇ ಸಲಕ್ಕೆ ಆಗಲಿಲ್ಲ. ಅವಳು ಮಳವಳ್ಳಿಗೆ ಒಯ್ದು ಸೆಂಟಿಮೀಟರು ಸೆಂಟಿಮೀಟರು ಅಳೆದು ಗೆರೆ ಎಳೆಯುವಳು, ಮುಂದಿನ ಭಾನುವಾರ ಕೆ.ಎಂ. ದೊಡ್ಡಿಯ ಮೇಲೆ ಬಸ್ಸಿನಲ್ಲಿ ಮದ್ದೂರಿಗೆ ತರುವಳು. ಮೊದಲ ಸಲ ಮೇಲುಗಡೆ ವಿಪರೀತ ಕಾದಿತ್ತು. ಎರಡನೆಯ ಸಲ ಖಾಲಿ ಜಾಗ ಸಾಲದೆ ಬಿಸಿ ಥಟ್ಟನೆ ಇಳಿಯಲಿಲ್ಲ. ಪ್ರತಿ ಸಲವೂ ಪಾಷಣ್ಣ ಬಿಚ್ಚಿ ಸುತ್ತಿದರು. ಮೂರನೆಯ ಸಲ ಅವರ ತೋರುಬೆರಳಿನ ತುದಿ ತಂತಿ ಉಜ್ಜಿ ಉಜ್ಜಿ ಬಿರಿದಿತ್ತು. ಮರುದಿನ ಮಳವಳ್ಳಿಯಲ್ಲಿ ಅಳೆದಾಗ ಮೇಲೆ ನೂರ ಹತ್ತು ನಿಂತಿತ್ತು, ನಡುವೆ ಗೆರೆ ಬಾವಿಗೆ ಇಳಿದಂತೆ ನೆಟ್ಟಗೆ ಇಳಿದಿತ್ತು. ಬುಡದಲ್ಲಿ ಮಾತ್ರ ಲೆಕ್ಕಕ್ಕಿಂತ ಐದು ಡಿಗ್ರಿ ಕಡಿಮೆ. ಕುಸುಮ ಸುತ್ತುಗಳನ್ನು ಎಣಿಸಿದಳು. ಹನ್ನೊಂದಿರಬೇಕಾದ ಕಡೆ ಒಂಬತ್ತಿತ್ತು. ಬುಡಕ್ಕೆ ಬರುವ ಹೊತ್ತಿಗೆ ಇಬ್ಬರೂ ಸುಸ್ತಾಗಿ, ಅವಳು ಕೂಗುವುದನ್ನು ಬಿಟ್ಟಿದ್ದಳು, ಅವರ ಕೈ ತನಗೆ ತೋಚಿದಂತೆ ಮುಗಿಸಿತ್ತು. ಆ ಬಿರಿದ ಬೆರಳು ಅವಳ ಕಣ್ಣಿಗೆ ಬಂತು. ಐದು ಡಿಗ್ರಿ ತಾನೇ ಎಂದು ಗ್ರಾಫು ಮಡಿಚಿಟ್ಟಳು. ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ದಸರಾ ರಜೆಯಲ್ಲಿ ಸೀಸೆ ಇಳಿಯತೊಡಗಿತು. ಖಾಲಿ ಕಾಲೇಜಿನಲ್ಲಿ ಅವಳು ಬೆಳಗ್ಗೆಯಿಂದ ಸಂಜೆಯವರೆಗೆ ಅದರ ಮುಂದೆ ಕೂತಿದ್ದಳು. ಎರಡನೆಯ ದಿನಕ್ಕೆ ಹೊರಗಿನ ಗಾಜಿನ ಮೂಲಕ ಕಾಣತೊಡಗಿತು. ಕೆಳಗೆ ತಿಳಿಹಳದಿಯ ಗಟ್ಟಿ, ಮೇಲೆ ಇನ್ನೂ ನೀರಾದ ಹಳದಿ, ಎರಡರ ನಡುವೆ ಕತ್ತರಿಸಿಟ್ಟಂತೆ ಒಂದು ಅಡ್ಡಗೆರೆ. ಮೇಲಿನಿಂದ ಏನೂ ಹುಟ್ಟಿರಲಿಲ್ಲ. ಗೆರೆ ಒಂದೇ, ಅದು ನಿಧಾನವಾಗಿ ಮೇಲೇರುತ್ತಿತ್ತು. ಅವಳು ಪಾಷಣ್ಣನಿಗೆ ಫೋನು ಮಾಡಿ, ಬನ್ನಿ ಎಂದಳು.

ನಾಲ್ಕನೆಯ ದಿನ ಮಧ್ಯಾಹ್ನ ಸೀಸೆ ಹೊರಗೆ ತೆಗೆಯುವ ಹೊತ್ತಿಗೆ ಅವರು ಜೈನಾಬ್ ಬೀ ಜೊತೆ ಬಂದರು. ಜೈನಾಬ್ ಬೀ ಮೂರು ಡಬ್ಬಿಯ ಕ್ಯಾರಿಯರು ತಂದಿದ್ದರು. ಕುಸುಮ ಗಾಜನ್ನು ಸುತ್ತ ಗೀರಿ, ಮೆಲ್ಲಗೆ ತಟ್ಟಿ ಬಿಡಿಸಿದಳು. ಹೆಬ್ಬೆಟ್ಟಿಗಿಂತ ತುಸು ದೊಡ್ಡ ಹರಳು ಅಂಗೈ ಮೇಲೆ ಬಂತು. ಕಿಟಕಿಯ ಬೆಳಕಿಗೆ ಹಿಡಿದರೆ ಆಚೆಯ ಹುಣಸೆಮರ ಅದರೊಳಗೆ ಹಳದಿಯಾಗಿ ಕಂಡಿತು. ಮೂವರೂ ಸರದಿಯಲ್ಲಿ ಹಿಡಿದು ನೋಡಿದರು. ಜೈನಾಬ್ ಬೀ ಸೆರಗಿನ ತುದಿಯಲ್ಲಿ ಒರೆಸಲು ಹೋಗಿ, ಮುಟ್ಟಬಹುದೋ ಇಲ್ಲವೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಏಳು ವರ್ಷ ಕಾದದ್ದು ಕೈಗೆ ಬಂದಿತ್ತು. ಅದನ್ನು ಕೊಟ್ಟವರು ಎದುರಿಗೇ ಇದ್ದರು. ಕುಸುಮಳಿಗೆ ಅವರ ಕಾಲಿಗೆ ಬೀಳಬೇಕು ಎನಿಸಿತು, ಅವರು ಒಪ್ಪುವವರಲ್ಲ ಎಂದು ಸುಮ್ಮನಾದಳು.

ಹರಳಿನ ಚೂಪು ಬುಡದಲ್ಲಿ ಒಂದು ಕೂದಲೆಳೆಯ ಬಿರುಕಿತ್ತು. ಅವಳಿಗೆ ಬೇಕಾದ್ದು ಮಧ್ಯದ ಎರಡು ಬಿಲ್ಲೆ, ಅಲ್ಲಿ ಹರಳು ಕನ್ನಡಿಯಂತಿತ್ತು. ಬುಡವನ್ನು ಹೇಗೂ ಕೊಯ್ದು ಎಸೆಯುವುದು. ಪಾಷಣ್ಣನಿಗೆ ಕನ್ನಡಕ ಇಲ್ಲದೆ ಆ ಬಿರುಕು ಕಾಣುವ ಹಾಗಿರಲಿಲ್ಲ. ಜೈನಾಬ್ ಬೀ ಊಟಕ್ಕೆ ಎಲೆ ಹಾಕುತ್ತಿದ್ದರು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರೂ ಸಂತೋಷವಾಗಿ ಉಣ್ಣಬಹುದಿತ್ತು. ಕುಸುಮ ಹರಳನ್ನು ಅವರ ಕೈಗೆ ಕೊಟ್ಟು, ಅವರ ತೋರುಬೆರಳನ್ನು ಹಿಡಿದು ಬುಡಕ್ಕೆ ಮುಟ್ಟಿಸಿದಳು.

"ಇಲ್ಲಿ ಸೀಳದೆ ಪಾಷಣ್ಣ. ಕೆಳಗ್ಲು ಸುತ್ತು ಅನ್ನೊಂದು ಬೇಕಿತ್ತು. ನೀವು ಒಂಬತ್ತು ಹಾಕಿದ್ರಿ."

ಜೈನಾಬ್ ಬೀ ಬಡಿಸುವುದನ್ನು ನಿಲ್ಲಿಸಿದರು. ಪಾಷಣ್ಣ ಹರಳನ್ನು ಕೆಳಗಿಟ್ಟು, ಕನ್ನಡಕ ಏರಿಸಿ, ಕುಲುಮೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಬುಡದ ಸುತ್ತುಗಳನ್ನು ಉಗುರಿನಿಂದ ಒಂದೊಂದಾಗಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು.

"ಒಂಬತ್ತೇ ಅವೆ," ಎಂದರು. "ಅವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನಿಮ್ ಬೆರಳು ನೋಡಿ ಏಳ್ಲಿಲ್ಲ. ಈಗ ಏಳ್ತಾ ಇದೀನಿ."

ಪಾಷಣ್ಣ ಅವಳ ಕಡೆ ತಿರುಗಿದರು. ಅವರ ಮುಖ ಅರಳುತ್ತಾ ಹೋಯಿತು. ಜೇಬಿನಿಂದ ಸಣ್ಣ ಇಕ್ಕಳ ತೆಗೆದು ಕುಲುಮೆಯ ಹೊರಗಾಜು ಕಳಚತೊಡಗಿದರು. ಕುಸುಮ ಗಾಬರಿಯಾಗಿ, ಬೇಡ ಪಾಷಣ್ಣ, ಊಟ ಆರುತ್ತದೆ, ನನ್ನ ಕೆಲಸಕ್ಕೆ ಇದೇ ಸಾಕು ಎಂದಳು. ಅವರು ತಲೆ ಎತ್ತದೆ ನೂಲಿನ ಗಂಟು ಎಳೆದು ಬಿಚ್ಚಿದರು.

"ನಿನ್ ಕೆಲ್ಸಕ್ಕೆ ಸಾಕು ಕಣವ್ವ. ನನ್ ಕೆಲ್ಸಕ್ಕೆ ಸಾಲ್ದು. ಬಾ, ಕೂತ್ಕೊ, ಎಣ್ಸು."

ಕುಸುಮ ಅವರ ಎದುರಿಗೆ ನೆಲದ ಮೇಲೆ ಕೂತು ಒಂದು ಎಂದಳು.